ಹೆಡ್ಡಾ ಗಾಬ್ಲರ್ ಪಾತ್ರವನ್ನು ಕಟ್ಟುವುದು ಹೇಗೆ: ನಟಿಗೂ ನಿರ್ದೇಶಕರಿಗೂ ಒಂದು ಮಾರ್ಗದರ್ಶಿ

ಹೆನ್ರಿಕ್ ಇಬ್ಸೆನ್ 1890ರಲ್ಲಿ ಮ್ಯೂನಿಕ್ ನಗರದಲ್ಲಿದ್ದಾಗ ಬರೆದ ‘ಹೆಡ್ಡಾ ಗಾಬ್ಲರ್’ ನಾಟಕದ ನಾಯಕಿಯನ್ನು ರಂಗದ ಮೇಲೆ ತರಲು ಹೊರಡುವ ತಂಡಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ಮೊದಲನೆಯ ದಾರಿಯಲ್ಲಿ ಹೆಡ್ಡಾ ಮೊದಲ ಪ್ರವೇಶದಿಂದಲೇ ವಿಷಕನ್ಯೆಯಾಗಿಬಿಡುತ್ತಾಳೆ. ಆಕೆ ತುಟಿಯನ್ನು ಕೊಂಕಿಸುತ್ತಾಳೆ, ಕಣ್ಣನ್ನು ಕಿರಿದು ಮಾಡುತ್ತಾಳೆ, ಮುಂದೆ ಏನಾಗಲಿದೆ ಎಂಬುದು ಪ್ರೇಕ್ಷಕರಿಗೆ ಮೊದಲ ಹತ್ತು ನಿಮಿಷಗಳಲ್ಲೇ ಗೊತ್ತಾಗಿಹೋಗುತ್ತದೆ. ಎರಡನೆಯ ದಾರಿಯಲ್ಲಿ ಆಕೆ ಗಂಡಸರ ಲೋಕದ ಬಲಿಪಶುವಾಗುತ್ತಾಳೆ. ಆಕೆ ಮಾಡುವ ಪ್ರತಿಯೊಂದು ಕೇಡಿಗೂ ಬೇರೊಬ್ಬರು ಹೊಣೆಯಾಗುತ್ತಾರೆ, ಕೊನೆಗೆ ಪಿಸ್ತೂಲಿನ ಸದ್ದಿಗೆ ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ. ಇವೆರಡೂ ನಾಟಕವನ್ನು ಚಿಕ್ಕದಾಗಿಸುತ್ತವೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹೆಡ್ಡಾ ಇತರರನ್ನು ತನ್ನಿಚ್ಛೆಯಂತೆ ಆಡಿಸುತ್ತಾಳೆ, ಮತ್ತು ಅದರ ಹೊಣೆ ಆಕೆಯದೇ. ಆದರೆ ತನ್ನ ಬದುಕನ್ನು ತಾನೇ ನಡೆಸುವ ಧೈರ್ಯ ಆಕೆಗಿಲ್ಲವಾದುದರಿಂದಲೇ ಆಕೆಯ ಕೈ ಇತರರ ಬದುಕಿನತ್ತ ಚಾಚುತ್ತದೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದಿಟ್ಟುಕೊಂಡು ಪಾತ್ರವನ್ನು ಕಟ್ಟುವುದಕ್ಕೆ ಬೇಕಾದ ಕೆಲಸದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಪರದೆ ಏಳುವ ಮುನ್ನ ನಡೆದುದನ್ನು ಬರೆದುಕೊಳ್ಳಿ

ಸಂಭಾಷಣೆಯನ್ನು ಬಾಯಿಪಾಠ ಮಾಡುವುದಕ್ಕೆ ಮೊದಲು ಇಡೀ ತಂಡ ಒಟ್ಟಿಗೆ ಕುಳಿತು ನಾಟಕವನ್ನು ನಿಧಾನವಾಗಿ ವಾಚಿಸಬೇಕು. ಆ ವಾಚನದಲ್ಲಿ ಪಾತ್ರಗಳ ಹಿಂದಿನ ಬದುಕಿನ ಬಗ್ಗೆ ಸಿಗುವ ಪ್ರತಿಯೊಂದು ಸಂಗತಿಯನ್ನೂ ಒಬ್ಬರು ಬರೆದುಕೊಳ್ಳುತ್ತ ಹೋಗಬೇಕು. ಇಬ್ಸೆನ್‌ನ ನಾಟಕಗಳಲ್ಲಿ ಮುಖ್ಯವಾದ ಘಟನೆಗಳು ಪರದೆ ಏಳುವ ಮುನ್ನವೇ ನಡೆದುಹೋಗಿರುತ್ತವೆ, ಮತ್ತು ಅವು ಸಣ್ಣ ಸಣ್ಣ ಮಾತುಗಳಲ್ಲಿ, ಒಮ್ಮೊಮ್ಮೆ ಸೇವಕಿಯ ಬಾಯಲ್ಲಿ, ಹೊರಬರುತ್ತವೆ.

ಹೆಡ್ಡಾಳಿಗೆ ಇಪ್ಪತ್ತೊಂಬತ್ತು ವರ್ಷ. ಆಕೆ ತೀರಿಕೊಂಡ ಜನರಲ್ ಗಾಬ್ಲರ್‌ನ ಮಗಳು. ಕಪ್ಪು ಉಡುಪು ತೊಟ್ಟು, ಟೋಪಿಯಲ್ಲಿ ಗರಿ ಸಿಕ್ಕಿಸಿಕೊಂಡು ತಂದೆಯ ಜೊತೆ ಕುದುರೆಯೇರಿ ಹೋಗುತ್ತಿದ್ದವಳು. ಗಂಡ ಯೋರ್ಗೆನ್ ಟೆಸ್ಮನ್‌ಗೆ ಮೂವತ್ತಮೂರು. ಇಬ್ಬರು ಸೋದರತ್ತೆಯರ ಆಸರೆಯಲ್ಲಿ ಬೆಳೆದ ವಿದ್ವಾಂಸ, ಪ್ರಾಧ್ಯಾಪಕ ಹುದ್ದೆಯ ನಿರೀಕ್ಷೆಯಲ್ಲಿರುವವನು. ಸುಮಾರು ಆರು ತಿಂಗಳ ಮಧುಚಂದ್ರದ ಪ್ರವಾಸದಲ್ಲಿ ಆತ ಗ್ರಂಥಾಲಯಗಳನ್ನು ಸುತ್ತಿ, ಮಧ್ಯಯುಗದ ಬ್ರಬಾಂಟ್ ಪ್ರಾಂತದ ಗೃಹಕೈಗಾರಿಕೆಗಳ ಬಗ್ಗೆ ಟಿಪ್ಪಣಿ ಮಾಡಿಕೊಂಡಿದ್ದಾನೆ. ಅವರು ಇಳಿದುಕೊಂಡಿರುವ ಬಂಗಲೆ ಮಂತ್ರಿಯೊಬ್ಬನ ವಿಧವೆಗೆ ಸೇರಿದ್ದು. ಅದರ ಪೀಠೋಪಕರಣಗಳಿಗಾಗಿ ಅತ್ತೆ ಯೂಲಿಯಾನೆ ತನ್ನ ವರ್ಷಾಶನವನ್ನೇ ಒತ್ತೆಯಿಟ್ಟಿದ್ದಾಳೆ. ಈ ಬಂಗಲೆಯ ಮೇಲೆ ಹೆಡ್ಡಾಳಿಗೆ ನಿಜವಾಗಿ ಯಾವ ಆಸೆಯೂ ಇರಲಿಲ್ಲ ಎಂಬುದನ್ನು ಎರಡನೆಯ ಅಂಕದಲ್ಲಿ ಆಕೆಯೇ ಹೇಳುತ್ತಾಳೆ: ಒಂದು ಸಂಜೆ ಮನೆಗೆ ನಡೆದು ಬರುವಾಗ ಟೆಸ್ಮನ್‌ಗೆ ಮಾತು ತೋಚದೆ ತಡವರಿಸುತ್ತಿದ್ದನ್ನು ಕಂಡು, ಸುಮ್ಮನೆ ಮಾತಿಗೆಂದು ಈ ಮನೆಯಲ್ಲಿ ಇರುವಂತಿದ್ದರೆ ಚೆನ್ನಾಗಿತ್ತು ಎಂದಿದ್ದಳು, ಅಷ್ಟೇ. ಆ ಒಂದು ಮಾತಿನಿಂದ ನಿಶ್ಚಿತಾರ್ಥ, ಮದುವೆ, ಸಾಲ ಎಲ್ಲವೂ ಹುಟ್ಟಿಕೊಂಡವು. ಕುಣಿದು ಕುಣಿದು ತನಗೆ ದಣಿವಾಗಿತ್ತು, ತನ್ನ ಕಾಲ ಮುಗಿಯುತ್ತ ಬಂದಿತ್ತು ಎಂದೂ ಆಕೆ ಹೇಳಿಕೊಳ್ಳುತ್ತಾಳೆ. ದಾಂಪತ್ಯದ ಅತೃಪ್ತಿಯ ಬೇರು ಇಲ್ಲಿದೆ. ಟೆಸ್ಮನ್ ಕ್ರೂರಿಯಲ್ಲ, ಆಕೆಯನ್ನು ಯಾರೂ ಬಲವಂತ ಮಾಡಲಿಲ್ಲ. ಆಕೆ ತಾನಾಗಿ, ಆದರೆ ಏನನ್ನೂ ಬಯಸದೆ, ಈ ಮದುವೆಯೊಳಗೆ ಬಂದಳು.

ಹಾಗೆಯೇ, ಇಡೀ ನಾಟಕ ಎರಡು ದಿನಗಳಲ್ಲಿ ನಡೆದು ಮುಗಿಯುತ್ತದೆ ಎಂಬುದನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಿ. ಮೊದಲ ಅಂಕ ಒಂದು ಬೆಳಗ್ಗೆ, ಎರಡನೆಯದು ಅದೇ ದಿನದ ಅಪರಾಹ್ನ, ಮೂರನೆಯದು ಮರುದಿನದ ನಸುಕು, ನಾಲ್ಕನೆಯದು ಆ ಸಂಜೆ. ನಡುವಿನ ರಾತ್ರಿಯಲ್ಲಿ ಹೆಡ್ಡಾಳ ಶಾಲೆಯ ದಿನಗಳ ಗೆಳತಿ ಥೇಯಾ ಕಣ್ಣು ಮುಚ್ಚಿಲ್ಲ, ಟೆಸ್ಮನ್ ಬೆಳಗಿನವರೆಗೆ ಹೊರಗಿದ್ದ, ಹೆಡ್ಡಾ ಮಾತ್ರ ಸೋಫಾದ ಮೇಲೆ ಚೆನ್ನಾಗಿ ನಿದ್ರಿಸಿದ್ದಾಳೆ. ಮೂರನೆಯ ಅಂಕದಲ್ಲಿ ಉಳಿದವರೆಲ್ಲ ದಣಿದಿರುವಾಗ ಆಕೆಯೊಬ್ಬಳ ಮನಸ್ಸು ಚುರುಕಾಗಿರುವುದು ಅಭಿನಯಕ್ಕೆ ದೊಡ್ಡ ಸಹಾಯ.

ಎರಡನೆಯ ಹೆಜ್ಜೆ: ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದನ್ನು ತೀರ್ಮಾನಿಸಿ

ಫ್ರೆಂಚ್ ಅನುವಾದಕ ಮೋರಿಟ್ಸ್ ಪ್ರೋಜೋರ್‌ಗೆ 1890ರ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ ಇಬ್ಸೆನ್ ಶೀರ್ಷಿಕೆಯ ಕಾರಣವನ್ನು ತಾನೇ ವಿವರಿಸಿದ್ದಾನೆ: ಹೆಡ್ಡಾಳನ್ನು ಗಂಡನ ಹೆಂಡತಿಯಾಗಿ ನೋಡುವುದಕ್ಕಿಂತ ಹೆಚ್ಚಾಗಿ ತಂದೆಯ ಮಗಳಾಗಿ ನೋಡಬೇಕೆಂಬುದು ಆತನ ಉದ್ದೇಶವಾಗಿತ್ತು. ಈ ಮಾತು ನಾಟಕದೊಳಗೆ ಸಂಬೋಧನೆಗಳ ಮೂಲಕ ಕೆಲಸ ಮಾಡುತ್ತದೆ. ಇಂಗ್ಲಿಷ್ ಅನುವಾದವನ್ನು ಆಧರಿಸಿ ರಂಗಪ್ರತಿ ಸಿದ್ಧಪಡಿಸುವ ಕನ್ನಡ ತಂಡಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ನಾರ್ವೆಯ ಮೂಲದಲ್ಲಿ ಸಲುಗೆಯ ಏಕವಚನಕ್ಕೂ ಗೌರವದ ಬಹುವಚನಕ್ಕೂ ನಮ್ಮಲ್ಲಿರುವಂತೆಯೇ ಭೇದವಿದೆ, ಇಂಗ್ಲಿಷಿನಲ್ಲಿ ಅದು ಅಳಿಸಿಹೋಗಿದೆ, ಕನ್ನಡದಲ್ಲಿ ಅದನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು.

ಟೆಸ್ಮನ್ ತನ್ನ ಅತ್ತೆಯ ಜೊತೆ ಸಲುಗೆಯಿಂದ ಮಾತನಾಡುವಂತೆ ಹೆಡ್ಡಾಳನ್ನು ಬೇಡಿಕೊಳ್ಳುತ್ತಾನೆ, ಆಕೆ ಒಪ್ಪುವುದಿಲ್ಲ. ಕನ್ನಡದಲ್ಲಿ ಯೂಲಿಯಾನೆಯನ್ನು ಹೆಡ್ಡಾ ‘ಅತ್ತೆ’ ಎಂದು ಕರೆಯದೆ ‘ಮಿಸ್ ಟೆಸ್ಮನ್, ನೀವು’ ಎಂದೇ ಉಳಿಸಿಕೊಂಡರೆ ಆ ನಿರಾಕರಣೆ ಪ್ರೇಕ್ಷಕರಿಗೆ ತಟ್ಟನೆ ಮುಟ್ಟುತ್ತದೆ. ಥೇಯಾಳ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ: ಶಾಲೆಯ ಗೆಳತಿಯರಾಗಿದ್ದೆವು, ‘ನೀವು’ ಎನ್ನಬೇಡ, ‘ನೀನು’ ಎನ್ನು ಎಂದು ಹೆಡ್ಡಾ ಒತ್ತಾಯಿಸುತ್ತಾಳೆ, ಥೇಯಾ ಮತ್ತೆ ಮತ್ತೆ ತಪ್ಪುತ್ತಾಳೆ. ಆ ಸಲುಗೆ ಪ್ರೀತಿಯಿಂದ ಬಂದದ್ದಲ್ಲ, ಗುಟ್ಟನ್ನು ಹೊರಡಿಸುವುದಕ್ಕೆ ಬಂದದ್ದು. ಹೆಡ್ಡಾಳ ಹಿಂದಿನ ಸ್ನೇಹಿತನೂ ಟೆಸ್ಮನ್‌ನ ಪ್ರತಿಸ್ಪರ್ಧಿಯೂ ಆದ ಲೋವ್‌ಬೋರ್ಗ್ ಅದೇ ಸಂಜೆ ಹಳೆಯ ಅಭ್ಯಾಸದಿಂದ ‘ನೀನು’ ಎಂದಾಗ ಆಕೆ ಕೂಡಲೇ ತಡೆಯುತ್ತಾಳೆ. ಗಂಡನನ್ನು ಆಕೆ ಮೂರು ಅಂಕಗಳ ಉದ್ದಕ್ಕೂ ಬಹುಮಟ್ಟಿಗೆ ಮನೆತನದ ಹೆಸರಿನಿಂದ ‘ಟೆಸ್ಮನ್’ ಎಂದೇ ಕರೆಯುತ್ತಾಳೆ. ನಾಲ್ಕನೆಯ ಅಂಕದಲ್ಲಿ ಆತನ ಬಾಯಿ ಮುಚ್ಚಿಸುವ ಅಗತ್ಯ ಬಿದ್ದಾಗ ‘ಯೋರ್ಗೆನ್’ ಎನ್ನುತ್ತಾಳೆ, ಆ ಪಾಪದ ಮನುಷ್ಯ ಅದಕ್ಕೇ ಹಿಗ್ಗಿಹೋಗುತ್ತಾನೆ. ಆದುದರಿಂದ ರಂಗಪ್ರತಿಯಲ್ಲಿ ಸಂಬೋಧನೆ ಬದಲಾಗುವ ಪ್ರತಿಯೊಂದು ಸಾಲಿನ ಕೆಳಗೂ ಬಣ್ಣದ ಗೆರೆ ಎಳೆಯಿರಿ, ಮತ್ತು ತಾಲೀಮಿನಲ್ಲಿ ಯಾವ ನಟನೂ ತನ್ನ ಅನುಕೂಲಕ್ಕೆ ತಕ್ಕಂತೆ ಅವುಗಳನ್ನು ಬದಲಿಸಲು ಬಿಡಬೇಡಿ.

ಇದೇ ಸಂದರ್ಭದಲ್ಲಿ ಹೇಳಬೇಕಾದ ಇನ್ನೊಂದು ಮಾತಿದೆ. ಕಥೆಯನ್ನು ಮಲೆನಾಡಿನ ತೋಟದ ಮನೆಗೋ ಹಳೆಯ ಮೈಸೂರಿನ ಬಂಗಲೆಗೋ ತಂದುಬಿಡುವ ಆಸೆ ಸಹಜ. ನಡುಮನೆಯನ್ನೇ ರಂಗವಾಗಿಸುವ ಬಗೆ ಕೈಲಾಸಂ, ಶ್ರೀರಂಗರ ಕಾಲದಿಂದಲೂ ಕನ್ನಡಕ್ಕೆ ಪರಿಚಿತ. ಆದರೆ ಮೊದಲ ಪ್ರಯತ್ನದಲ್ಲಿ ನಾಟಕವನ್ನು ನಾರ್ವೆಯಲ್ಲೇ ಇರಲು ಬಿಡುವುದು ಉತ್ತಮವೆಂದು ನನಗನ್ನಿಸುತ್ತದೆ. ಹೆಡ್ಡಾಳನ್ನು ಕಟ್ಟಿಹಾಕಿರುವುದು ಕೂಡುಕುಟುಂಬವಲ್ಲ, ಬಡತನವೂ ಅಲ್ಲ. ನಾರ್ವೆಯಲ್ಲಿ ವಿವಾಹಿತ ಸ್ತ್ರೀಯರಿಗೆ ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ವ್ಯಕ್ತಿತ್ವವನ್ನು ಕೊಟ್ಟ ಕಾಯಿದೆ 1888ರಷ್ಟು ಈಚೆಗೆ ಬಂದಿತ್ತು. ಥೇಯಾಳಂತಹ ಅಂಜುಬುರುಕಿಯೇ ಗಂಡನ ಮನೆಯನ್ನು ಬಿಟ್ಟು ಬಂದಿದ್ದಾಳೆ. ಬಾಗಿಲು ಸ್ವಲ್ಪ ತೆರೆದಿದ್ದೂ ಜನರ ಮಾತಿನ ಭಯದಿಂದ ಹೊರಗೆ ಕಾಲಿಡಲಾರದವಳು ಹೆಡ್ಡಾ. ಅವಸರದ ರೂಪಾಂತರದಲ್ಲಿ ಈ ಸೂಕ್ಷ್ಮ ಕಳೆದುಹೋಗಿ, ಸೊಸೆಯನ್ನು ಕಾಡುವ ಮನೆಯೊಂದರ ಕಥೆ ಮಾತ್ರ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಆಕೆಯ ಒಂದೊಂದು ಹೂಟವನ್ನೂ ಬಿಡಿಸಿ ನೋಡಿ

ಇದು ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸ. ನಟಿ ಒಂದು ನೋಟುಪುಸ್ತಕವನ್ನು ಇದಕ್ಕಾಗಿಯೇ ಇಟ್ಟುಕೊಂಡು, ಹೆಡ್ಡಾ ಇನ್ನೊಬ್ಬರನ್ನು ಆಡಿಸುವ ಪ್ರತಿಯೊಂದು ಸಂದರ್ಭಕ್ಕೂ ಕೆಲವು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೊಡಬೇಕು. ಎದುರಿನವರ ಬಗ್ಗೆ ಆಕೆಗೆ ಆ ಕ್ಷಣದಲ್ಲಿ ಏನು ಗೊತ್ತಿದೆ? ಆಕೆ ಬಾಯಲ್ಲಿ ಏನು ಹೇಳುತ್ತಾಳೆ? ಎದುರಿನವರು ಅದರಿಂದ ಏನು ಮಾಡುತ್ತಾರೆ? ಇದು ಮೊದಲೇ ಯೋಚಿಸಿದ್ದೋ, ಆ ಗಳಿಗೆಯಲ್ಲಿ ಹೊಳೆದದ್ದೋ? ಉತ್ತರಗಳನ್ನು ಬರೆಯುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹೆಡ್ಡಾ ಯಾರಿಗೂ ಹೆಚ್ಚಾಗಿ ಅಪ್ಪಣೆ ಕೊಡುವುದಿಲ್ಲ. ಎದುರಿನವರು ಯಾವುದನ್ನು ಅತಿಯಾಗಿ ಪ್ರೀತಿಸುತ್ತಾರೆ ಅಥವಾ ಯಾವುದಕ್ಕೆ ನಾಚುತ್ತಾರೆ ಎಂಬುದನ್ನು ತಿಳಿದುಕೊಂಡು, ಅದರ ಮೇಲೆ ಬೆರಳಿಟ್ಟು ಸುಮ್ಮನಾಗುತ್ತಾಳೆ. ಉಳಿದುದನ್ನು ಅವರೇ ಮಾಡಿಕೊಳ್ಳುತ್ತಾರೆ.

ಮೊದಲನೆಯದು ಟೋಪಿಯ ಪ್ರಸಂಗ. ಹೆಡ್ಡಾಳ ಜೊತೆ ಹೊರಗೆ ಹೋಗುವಾಗ ಚೆನ್ನಾಗಿ ಕಾಣಬೇಕೆಂದೇ ಯೂಲಿಯಾನೆ ಹೊಸ ಟೋಪಿ ಕೊಂಡು ತಂದಿದ್ದಾಳೆ. ಕುರ್ಚಿಯ ಮೇಲಿದ್ದ ಅದನ್ನು ಹೆಡ್ಡಾ ಸೇವಕಿ ಬೆರ್ಟೆಯ ಹಳೆಯ ಟೋಪಿ ಎಂದು ಹೇಳಿ ಅವಮಾನಿಸುತ್ತಾಳೆ. ಅದು ಯಾರದೆಂದು ತನಗೆ ಗೊತ್ತಿತ್ತು ಎಂದು ಮುಂದಿನ ಅಂಕದಲ್ಲಿ ಮನೆಯ ಸ್ನೇಹಿತನಾದ ನ್ಯಾಯಾಧೀಶ ಬ್ರಾಕ್ ಎದುರು ಒಪ್ಪಿಕೊಳ್ಳುತ್ತಾಳೆ. ಇಂಥವು ತನಗೆ ಇದ್ದಕ್ಕಿದ್ದಂತೆ ಬಂದುಬಿಡುತ್ತವೆ, ತಡೆಯಲಾಗುವುದಿಲ್ಲ, ಏಕೆಂದು ತನಗೂ ತಿಳಿಯದು ಎನ್ನುತ್ತಾಳೆ. ಹಾಗಾಗಿ ಇಲ್ಲಿ ಯೋಜನೆ ಇಲ್ಲ, ಲಾಭವೂ ಇಲ್ಲ. ಮೊದಲ ಅಂಕದಲ್ಲಿ ನಟಿ ಪ್ರೇಕ್ಷಕರಿಗೆ ಯಾವ ಸುಳಿವನ್ನೂ ಕೊಡದೆ, ನಿಜವಾಗಿಯೂ ಟೋಪಿ ಸೇವಕಿಯದೆಂದು ತಿಳಿದವಳಂತೆ ಮಾತನಾಡಬೇಕು. ಪ್ರೇಕ್ಷಕರೂ ನಂಬಿದರೆ ಮಾತ್ರ ಎರಡನೆಯ ಅಂಕದ ಒಪ್ಪಿಗೆ ಅವರನ್ನು ಬೆಚ್ಚಿಬೀಳಿಸುತ್ತದೆ.

ಎರಡನೆಯದು ಥೇಯಾಳ ಬಾಯಿ ಬಿಡಿಸುವ ದೃಶ್ಯ. ಲೋವ್‌ಬೋರ್ಗ್‌ಗೆ ಪತ್ರ ಬರೆಯುವ ನೆಪದಲ್ಲಿ ಗಂಡನನ್ನು ಒಳಗೆ ಕಳುಹಿಸಿ, ಥೇಯಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಶಾಲೆಯ ದಿನಗಳನ್ನು ನೆನಪಿಸಿ ಹೆಡ್ಡಾ ಎಲ್ಲವನ್ನೂ ಹೊರಡಿಸುತ್ತಾಳೆ: ಥೇಯಾ ಗಂಡನನ್ನು ಬಿಟ್ಟು ಬಂದಿದ್ದಾಳೆ, ಕುಡಿತದಿಂದ ಹಾಳಾಗಿದ್ದ ಲೋವ್‌ಬೋರ್ಗ್ ಆಕೆಯ ಸಂಗದಲ್ಲಿ ಸುಧಾರಿಸಿ ಹೊಸ ಗ್ರಂಥ ಬರೆದಿದ್ದಾನೆ, ಆದರೂ ಆತನ ಮನಸ್ಸಿನಲ್ಲಿ ಹಿಂದೆ ಪಿಸ್ತೂಲು ತೋರಿಸಿ ಬೆದರಿಸಿದ ಹೆಂಗಸೊಬ್ಬಳ ನೆರಳಿದೆ. ಆ ಹೆಂಗಸು ಯಾರೋ ಗಾಯಕಿಯಿರಬೇಕೆಂದು ಥೇಯಾ ನಂಬಿದ್ದಾಳೆ. ಆಕೆ ಅದನ್ನು ಹೇಳುತ್ತಿರುವುದು ಆ ಹೆಂಗಸಿಗೇ. ಹೆಡ್ಡಾಳ ಪಾತ್ರಧಾರಿ ಇಲ್ಲಿ ಮುಖದಲ್ಲಿ ಏನನ್ನಾದರೂ ತೋರಿಸಬೇಕೆಂಬ ಆಸೆಯನ್ನು ಬಿಗಿಹಿಡಿಯಬೇಕು. ಪ್ರಶ್ನೆಯೊಂದನ್ನು ಅರೆಗಳಿಗೆ ತಡವಾಗಿ ಕೇಳಿದರೆ ಸಾಕು.

ಮೂರನೆಯ ಹೂಟವೇ ನಾಟಕದ ಅತ್ಯಂತ ನುಣುಪಾದ ಕೆಲಸ, ಅದಕ್ಕೆ ತಾಲೀಮಿನಲ್ಲಿ ಎಷ್ಟು ದಿನ ಕೊಟ್ಟರೂ ಹೆಚ್ಚಲ್ಲ. ಬ್ರಾಕ್‌ನ ಮನೆಯ ಕೂಟಕ್ಕೆ ಹೋಗುವ ಮುನ್ನ ಗಂಡಸರು ಒಳಕೋಣೆಯಲ್ಲಿ ಪಂಚ್ ಕುಡಿಯುತ್ತಿದ್ದಾರೆ. ಲೋವ್‌ಬೋರ್ಗ್ ಕುಡಿತ ಬಿಟ್ಟವನು. ಆತ ಹೋಗದೆ ಹೆಡ್ಡಾ ಮತ್ತು ಥೇಯಾರ ಜೊತೆ ಕುಳಿತಿದ್ದಾನೆ. ಹೆಡ್ಡಾ ಮೊದಲು ನೇರವಾಗಿಯೇ ಗ್ಲಾಸನ್ನು ಚಾಚುತ್ತಾಳೆ, ತನ್ನ ಮಾತಿಗೆ ಆತನ ಮೇಲೆ ಅಧಿಕಾರವೇ ಇಲ್ಲವೇ ಎಂದು ಕೇಳುತ್ತಾಳೆ. ಆತ ಬಗ್ಗುವುದಿಲ್ಲ. ನಂತರ ಆತನ ಅಭಿಮಾನವನ್ನು ಮುಟ್ಟುತ್ತಾಳೆ: ಆತ ಒಲ್ಲೆನೆಂದಾಗ ಬ್ರಾಕ್ ನಕ್ಕುದನ್ನು ತಾನು ಕಂಡೆನೆನ್ನುತ್ತಾಳೆ, ತನ್ನ ಮೇಲೆ ತನಗೇ ನಂಬಿಕೆಯಿಲ್ಲದವನೆಂದು ಜನ ತಿಳಿಯುವುದಿಲ್ಲವೇ ಎನ್ನುತ್ತಾಳೆ. ಆಗಲೂ ಆತ ಗಟ್ಟಿಯಾಗಿಯೇ ನಿಲ್ಲುತ್ತಾನೆ. ಆಗ ಆಕೆ ಗೆದ್ದವನನ್ನು ಮೆಚ್ಚಿದವಳಂತೆ ನಕ್ಕು ಥೇಯಾಳ ಕಡೆಗೆ ತಿರುಗುತ್ತಾಳೆ: ನೋಡಿದೆಯಾ, ಬೆಳಗ್ಗೆ ನೀನು ಅಷ್ಟು ಗಾಬರಿಯಿಂದ ಓಡಿ ಬಂದಾಗ ನಾನು ಹೇಳಲಿಲ್ಲವೇ ಎನ್ನುತ್ತಾಳೆ. ಆ ಒಂದು ವಾಕ್ಯ ಸಾಕು. ತನ್ನನ್ನು ಪೂರ್ತಿಯಾಗಿ ನಂಬಿದ್ದಾಳೆಂದು ಆತ ತಿಳಿದಿದ್ದ ಗೆಳತಿ ತನ್ನ ಬಗ್ಗೆ ಪ್ರಾಣಭಯದಿಂದ ನಡುಗುತ್ತಿದ್ದಳೆಂಬುದು ಲೋವ್‌ಬೋರ್ಗ್‌ಗೆ ಗೊತ್ತಾಗುತ್ತದೆ, ಆತ ಗ್ಲಾಸನ್ನೆತ್ತಿ ಥೇಯಾಳ ಹೆಸರಿನಲ್ಲೇ ಕುಡಿಯುತ್ತಾನೆ.

ಈ ದೃಶ್ಯವನ್ನು ತಾಲೀಮು ಮಾಡುವಾಗ ಒಂದು ಅಭ್ಯಾಸ ಉಪಯುಕ್ತ. ಮೊದಲು ಹೆಡ್ಡಾಳಿಗೆ ಯಾವ ದುರುದ್ದೇಶವೂ ಇಲ್ಲವೆಂದು ಇಟ್ಟುಕೊಂಡು, ಆತಿಥ್ಯ ಮಾಡುವ ಗೃಹಿಣಿಯ ಸೌಜನ್ಯದಿಂದಷ್ಟೇ ದೃಶ್ಯವನ್ನು ಓಡಿಸಿರಿ. ಅನಂತರ ಆಕೆಗೆ ಲೋವ್‌ಬೋರ್ಗ್ ಕುಡಿಯಲೇಬೇಕೆಂಬ ಹಟವಿದೆ ಎಂದುಕೊಂಡು ಅದನ್ನೇ ಮತ್ತೆ ಆಡಿರಿ. ಕೊನೆಯ ಪ್ರಯೋಗಕ್ಕೆ ಬೇಕಾಗಿರುವುದು ಮೊದಲನೆಯ ಬಗೆಯ ದನಿ ಮತ್ತು ಎರಡನೆಯ ಬಗೆಯ ಗಮನ. ಥೇಯಾಳ ಪಾತ್ರಧಾರಿ ಆ ವಾಕ್ಯ ಬಿದ್ದ ಕೂಡಲೇ ಅಳಬಾರದು. ಮೊದಲು ಆಕೆ ಹೆಡ್ಡಾಳನ್ನು ನೋಡಬೇಕು, ನಂಬಿ ಹೇಳಿದ ಮಾತು ಹೇಗೆ ಬಳಕೆಯಾಯಿತೆಂಬುದು ಆಕೆಗೆ ಅರ್ಥವಾಗುವುದನ್ನು ಪ್ರೇಕ್ಷಕರು ಕಾಣಬೇಕು.

ಇದೇ ಅಂಕದ ಕೊನೆಯಲ್ಲಿ ಹೆಡ್ಡಾ ತನ್ನ ಉದ್ದೇಶವನ್ನು ಬಾಯಿಬಿಟ್ಟು ಹೇಳುತ್ತಾಳೆ: ಜೀವನದಲ್ಲಿ ಒಮ್ಮೆಯಾದರೂ ಒಬ್ಬ ಮನುಷ್ಯನ ಹಣೆಬರಹದ ಮೇಲೆ ತನ್ನ ಕೈ ನಡೆಯಬೇಕು. ಈ ಸಾಲನ್ನು ಘೋಷಣೆಯಂತೆ ಒಪ್ಪಿಸುವುದು ಬಹಳ ದೊಡ್ಡ ತಪ್ಪು. ಗಂಡನ ಮೇಲೆ ನಿನಗೆ ಆ ಅಧಿಕಾರ ಇಲ್ಲವೇ ಎಂದು ಥೇಯಾ ಕೇಳಿದಾಗ ಆಕೆ ಕೊಡುವ ಉತ್ತರದಲ್ಲಿ, ತಾನೆಷ್ಟು ಬಡವಳು, ನೀನೆಷ್ಟು ಶ್ರೀಮಂತಳು ಎಂಬ ನಿಜವಾದ ಹಸಿವಿದೆ. ಕೂಡಲೇ ಥೇಯಾಳನ್ನು ಬಿಗಿಯಾಗಿ ಅಪ್ಪಿಕೊಂಡು, ನಿನ್ನ ಕೂದಲನ್ನು ಸುಟ್ಟೇಬಿಡುತ್ತೇನೇನೋ ಎನ್ನುತ್ತಾಳೆ. ಇಬ್ಸೆನ್ ರಂಗಸೂಚನೆಯಲ್ಲೇ ಥೇಯಾಳ ಕೂದಲು ದಟ್ಟವೆಂದೂ ಹೆಡ್ಡಾಳದು ಅಷ್ಟೇನೂ ದಟ್ಟವಲ್ಲವೆಂದೂ ಬರೆದಿದ್ದಾನೆ, ಕೇಶವಿನ್ಯಾಸ ಮಾಡುವವರು ಇದನ್ನು ಮರೆಯಬಾರದು.

ನಾಲ್ಕನೆಯದು ಹಸ್ತಪ್ರತಿ ಮತ್ತು ಪಿಸ್ತೂಲು. ಲೋವ್‌ಬೋರ್ಗ್ ಕುಡಿದ ಅಮಲಿನಲ್ಲಿ ಕಳೆದುಕೊಂಡ ಹಸ್ತಪ್ರತಿ ಟೆಸ್ಮನ್‌ಗೆ ಸಿಕ್ಕಿ, ಈಗ ಹೆಡ್ಡಾಳ ಬರೆಯುವ ಮೇಜಿನೊಳಗಿದೆ. ಲೋವ್‌ಬೋರ್ಗ್ ಬಂದು ಥೇಯಾಳಿಗೆ ಅದನ್ನು ಹರಿದು ನೀರಿಗೆಸೆದೆನೆಂದು ಸುಳ್ಳು ಹೇಳುತ್ತಾನೆ, ಆಕೆ ಹೋದ ಮೇಲೆ ಹೆಡ್ಡಾಳಿಗೆ ನಿಜ ಹೇಳಿ ಸಾಯುವ ಮಾತಾಡುತ್ತಾನೆ. ಆಕೆ ಅದೇ ಮೇಜಿನ ಬಳಿಗೆ ಹೋಗುತ್ತಾಳೆ. ಹಸ್ತಪ್ರತಿಯನ್ನು ಕೊಟ್ಟರೆ ಆತ ಬದುಕುತ್ತಾನೆ. ಆಕೆ ತಂದೆಯ ಪಿಸ್ತೂಲನ್ನು ತೆಗೆದು ಕೊಡುತ್ತಾಳೆ, ಸಾಯುವುದಾದರೆ ಅಂದವಾಗಿ ಸಾಯಬೇಕೆಂದು ಕೇಳಿಕೊಳ್ಳುತ್ತಾಳೆ. ಮೇಜಿನವರೆಗಿನ ಆ ನಡಿಗೆಯೇ ಇಡೀ ಪಾತ್ರದ ನಡುಗಂಬ. ಆಕೆ ಮೊದಲೇ ನಿರ್ಧರಿಸಿದ್ದಳೇ, ಅಥವಾ ಕೈ ಮೇಜಿನೊಳಗೆ ಹೋದ ಮೇಲೆ ನಿರ್ಧಾರವಾಯಿತೇ ಎಂಬುದನ್ನು ನಟಿಯೇ ತೀರ್ಮಾನಿಸಬೇಕು, ಮತ್ತು ಒಮ್ಮೆ ತೀರ್ಮಾನಿಸಿದ ಮೇಲೆ ಪ್ರಯೋಗದಿಂದ ಪ್ರಯೋಗಕ್ಕೆ ಬದಲಿಸಬಾರದು. ನನ್ನ ಒಲವು ಎರಡನೆಯದರ ಕಡೆಗೆ. ಕ್ಷಣಮಾತ್ರ ಆಕೆಯ ಕೈ ಕಾಗದದ ಕಟ್ಟನ್ನು ಮುಟ್ಟಿ ಹಿಂದಕ್ಕೆ ಬಂದರೆ, ಆಕೆಗೆ ಬೇರೆ ದಾರಿಯೂ ಇತ್ತೆಂಬುದು ಮಾತಿಲ್ಲದೆಯೇ ದಾಖಲಾಗುತ್ತದೆ. ಆತ ಹೋದ ಮೇಲೆ ಆಕೆ ಒಲೆಯ ಮುಂದೆ ಕುಳಿತು ಹಾಳೆಗಳನ್ನು ಬೆಂಕಿಗೆ ಹಾಕುತ್ತ, ಥೇಯಾಳ ಮಗುವನ್ನು ಸುಡುತ್ತಿದ್ದೇನೆಂದು ಪಿಸುಗುಟ್ಟುತ್ತಾಳೆ. ಆಕೆಯೇ ಬಸುರಿಯಾಗಿರುವಳೆಂಬ ಸುಳಿವುಗಳನ್ನು ನಾಟಕ ಮೊದಲ ಅಂಕದಿಂದ ಕೊಡುತ್ತ ಬಂದಿದೆ, ಅದನ್ನು ನೆನೆದರೆ ಈ ಮಾತು ಎಷ್ಟು ಭೀಕರವೆಂದು ತಿಳಿಯುತ್ತದೆ.

ನಾಲ್ಕನೆಯ ಅಂಕದಲ್ಲಿ, ನಿನಗಿಂತ ಬೇರೆ ಯಾರೂ ಮೇಲೇರಬಾರದೆಂದೇ ಸುಟ್ಟೆನೆಂದು ಗಂಡನಿಗೆ ಹೇಳುವ ಸುಳ್ಳು ತೀರ ಸುಲಭದ್ದು. ಗಂಡನನ್ನು ಒಲಿಸಲು ಆಕೆಗೆ ಇಷ್ಟು ಕಡಿಮೆ ಶ್ರಮ ಸಾಕೆಂಬುದೇ ಆಕೆಗೆ ಅಸಹ್ಯ ಹುಟ್ಟಿಸುತ್ತದೆ.

ನಾಲ್ಕನೆಯ ಹೆಜ್ಜೆ: ಗಂಡನನ್ನು ಕೋಡಂಗಿಯಾಗಿಸಬೇಡಿ

ದಾಂಪತ್ಯದ ಅಸುಖವನ್ನು ತೋರಿಸುವುದಕ್ಕೆ ಟೆಸ್ಮನ್‌ನನ್ನು ಹಾಸ್ಯಪಾತ್ರವಾಗಿ ಆಡಿಸುವ ರೂಢಿ ಬಹಳ ಕಡೆ ಇದೆ. ಆತ ನಗೆ ಬರಿಸುತ್ತಾನೆ ನಿಜ. ಅತ್ತೆ ರೀನಾ ಕಾಯಿಲೆಯ ಹಾಸಿಗೆಯಲ್ಲೇ ಕಸೂತಿ ಹಾಕಿ ಕೊಟ್ಟ ಹಳೆಯ ಚಪ್ಪಲಿಗಳನ್ನು ಕಂಡು ಮಗುವಿನಂತೆ ಕುಣಿದಾಡುತ್ತಾನೆ. ಆದರೆ ಆತನಲ್ಲಿ ಕೃತಜ್ಞತೆಯಿದೆ, ಪ್ರತಿಸ್ಪರ್ಧಿಯ ಗ್ರಂಥವನ್ನು ಮನಸಾರೆ ಮೆಚ್ಚುವ ಪ್ರಾಮಾಣಿಕತೆಯಿದೆ, ಮತ್ತು ಕೊನೆಯಲ್ಲಿ ಆ ಗ್ರಂಥವನ್ನು ಟಿಪ್ಪಣಿಗಳಿಂದ ಮತ್ತೆ ಕಟ್ಟಲು ಆತ ಥೇಯಾಳ ಜೊತೆ ಕುಳಿತುಬಿಡುತ್ತಾನೆ. ಒಳ್ಳೆಯವನೊಬ್ಬನ ಪಕ್ಕದಲ್ಲಿ ಉಸಿರುಕಟ್ಟುವುದು ಹೇಗಿರುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. ಆತ ಮೂರ್ಖನಾದರೆ ಹೆಡ್ಡಾಳ ತಾತ್ಸಾರಕ್ಕೆ ಪ್ರೇಕ್ಷಕರೂ ಸುಲಭವಾಗಿ ಸೇರಿಕೊಳ್ಳುತ್ತಾರೆ, ನಾಟಕದ ನೋವು ಅಲ್ಲಿಗೇ ಮುಗಿಯುತ್ತದೆ.

ಹೆಡ್ಡಾಳ ಅಸುಖವನ್ನು ನಿಟ್ಟುಸಿರುಗಳಲ್ಲಿ ತೋರಿಸಬೇಡಿ. ಇಬ್ಸೆನ್ ಆಕೆಗೆ ಮಾಡಲು ಕೆಲಸಗಳನ್ನು ಕೊಟ್ಟಿದ್ದಾನೆ: ಬಿಸಿಲು ಬಾರದಂತೆ ಗಂಡನಿಂದ ಪರದೆ ಎಳೆಸುವುದು, ಹೂಗಳ ವಾಸನೆಗೆ ಬೇಸರಿಸುವುದು, ಗಾಜಿನ ಬಾಗಿಲ ಬಳಿ ನಿಂತು ಹಳದಿಯಾದ ಎಲೆಗಳನ್ನು ನೋಡುವುದು, ಒಬ್ಬಳೇ ಇರುವಾಗ ಕೋಣೆಯ ಉದ್ದಕ್ಕೂ ನಡೆದಾಡುವುದು. ಆಕೆ ಮೈ ತುಂಬಿಕೊಂಡಿದ್ದಾಳೆಂದು ಗಂಡ ಅತ್ತೆಯ ಮುಂದೆ ಹಿಗ್ಗಿನಿಂದ ಹೇಳುವಾಗ ಆಕೆ ಮಾತನ್ನು ಕಡಿದುಹಾಕುತ್ತಾಳೆ. ಆ ಗಳಿಗೆಯಲ್ಲಿ ದೇಹದ ಮೇಲೆ ತನ್ನ ಹಿಡಿತವೂ ತಪ್ಪಿದೆಯೆಂಬ ಭಯವಿರಬೇಕು.

ಐದನೆಯ ಹೆಜ್ಜೆ: ಕೋಣೆ, ಬೆಳಕು, ಪರಿಕರಗಳು

ಹಣ ಕಡಿಮೆಯಿರುವ ಹವ್ಯಾಸಿ ತಂಡಕ್ಕೆ ಪೂರ್ತಿ ನಡುಮನೆಯನ್ನು ನಿಲ್ಲಿಸುವ ಅಗತ್ಯವಿಲ್ಲ. ಬಿಡಲೇಬಾರದವು ಕೆಲವಿವೆ. ಹಿಂಬದಿಯಲ್ಲಿ ಒಂದು ಒಳಕೋಣೆ ಕಾಣಬೇಕು, ಅಲ್ಲಿ ಜನರಲ್ ಗಾಬ್ಲರ್‌ನ ಭಾವಚಿತ್ರ ತೂಗಬೇಕು. ಹೆಡ್ಡಾ ಕೊನೆಗೆ ಹೋಗುವುದು ಅಲ್ಲಿಗೇ. ಒಲೆ, ಬರೆಯುವ ಮೇಜು, ಪಿಸ್ತೂಲಿನ ಪೆಟ್ಟಿಗೆ, ತೋಟದ ಕಡೆಯ ಬಾಗಿಲು ಬೇಕೇಬೇಕು. ಹಳೆಯ ಪಿಯಾನೊವನ್ನು ಹೆಡ್ಡಾ ಒಳಕೋಣೆಗೆ ಹಾಕಿಸುತ್ತಾಳೆ. ಪಿಯಾನೊ ಸಿಗದಿದ್ದರೆ ಅದು ಕಣ್ಣಿಗೆ ಬೀಳದಂತೆ ಇಟ್ಟು ಧ್ವನಿಮುದ್ರಣವನ್ನು ಬಳಸಬಹುದು.

ಬೆಳಕು ಮೊದಲ ಅಂಕದ ಬೆಳಗಿನ ಬಿಸಿಲಿನಿಂದ ಕೊನೆಯ ಅಂಕದ ದೀಪದವರೆಗೆ ಕುಗ್ಗುತ್ತ ಬರಲಿ. ನಾಲ್ಕನೆಯ ಅಂಕ ತೆರೆದಾಗ ಹೆಡ್ಡಾ ಕಪ್ಪು ಉಡುಪಿನಲ್ಲಿ ಕತ್ತಲ ಕೋಣೆಯಲ್ಲಿ ಓಡಾಡುತ್ತಿರುತ್ತಾಳೆ. ಆ ಕಪ್ಪು ಅತ್ತೆ ರೀನಾಳ ಸಾವಿಗಾಗಿ ತೊಟ್ಟದ್ದು ಎಂಬುದನ್ನು ವೇಷಭೂಷಣ ಮಾಡುವವರು ನೆನಪಿಡಬೇಕು.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ಪಿಸ್ತೂಲುಗಳು ಮರದವೋ ಗುಂಡು ಹಾರಿಸಲಾಗದ ಪ್ರತಿಕೃತಿಗಳೋ ಆಗಿರಲಿ, ಸದ್ದು ಧ್ವನಿವರ್ಧಕದಿಂದ ಬರಲಿ. ಎರಡನೆಯ ಅಂಕದ ಆರಂಭದಲ್ಲಿ ತೋಟದಿಂದ ಬರುವ ಬ್ರಾಕ್‌ನತ್ತ ಹೆಡ್ಡಾ ಗುರಿಯಿಡುವಾಗಲೂ ಪ್ರೇಕ್ಷಕರ ಕಡೆಗೆ ಕೊಳವೆ ತಿರುಗದಂತೆ ಸ್ಥಾನವನ್ನು ನಿಗದಿಪಡಿಸಿ. ಒಲೆಯೊಳಗೆ ಕೆಂಪು ದೀಪವಿರಿಸಿ, ಹಾಳೆಗಳು ಒಳಗೆ ಬೀಳುವ ಹಾಗೆ ಮಾಡಿದರೆ ಸಾಕು. ಮುಚ್ಚಿದ ರಂಗಮಂದಿರದಲ್ಲಿ ನಿಜವಾದ ಬೆಂಕಿ ಹೊತ್ತಿಸಬಾರದು.

ಆರನೆಯ ಹೆಜ್ಜೆ: ಬ್ರಾಕ್‌ನ ಮೂಲಕ ಕೊನೆಯ ಅಂಕವನ್ನು ಬಿಗಿಗೊಳಿಸಿ

ನಲವತ್ತೈದರ ಬ್ರಾಕ್ ಹೆಡ್ಡಾಳಿಗೆ ಸರಿಸಮನಾದ ಆಟಗಾರ. ಎರಡನೆಯ ಅಂಕದಲ್ಲಿ ಇಬ್ಬರೂ ರೈಲುಪ್ರಯಾಣದ ಮಾತನ್ನು ನೆಪವಾಗಿಟ್ಟುಕೊಂಡು, ದಂಪತಿಗಳ ಡಬ್ಬಿಗೆ ಮೂರನೆಯವನೊಬ್ಬ ಹತ್ತಿಕೊಳ್ಳುವ ಬಗ್ಗೆ ನಗುನಗುತ್ತ ಮಾತಾಡುತ್ತಾರೆ. ಆಗ ಇಬ್ಬರೂ ಆ ಆಟವನ್ನು ಸವಿಯುತ್ತಿರಬೇಕು. ಬ್ರಾಕ್‌ನನ್ನು ಮೊದಲಿನಿಂದಲೇ ಕೀಚಕನಾಗಿಸಿದರೆ ಕೊನೆಯ ಅಂಕಕ್ಕೆ ಏನೂ ಉಳಿಯುವುದಿಲ್ಲ.

ಲೋವ್‌ಬೋರ್ಗ್ ಅಂದವಾಗಿ ಸತ್ತನೆಂದು ಹೆಡ್ಡಾ ನಂಬಿರುವ ಕೆಲವು ನಿಮಿಷಗಳು ಆಕೆಯ ಬದುಕಿನ ಒಂದೇ ಒಂದು ಸಂತೋಷ. ಬ್ರಾಕ್ ಅದನ್ನು ಹಂತಹಂತವಾಗಿ ಕಿತ್ತುಕೊಳ್ಳುತ್ತಾನೆ: ಗುಂಡು ತಗುಲಿದ್ದು ಹಣೆಗಲ್ಲ, ಎದೆಗೂ ಅಲ್ಲ, ಹೊಟ್ಟೆಗೆ, ಆತ ಸತ್ತದ್ದು ಗಾಯಕಿ ಡಯಾನಾಳ ಕೋಣೆಯಲ್ಲಿ, ಪಿಸ್ತೂಲು ಯಾರದೆಂದು ತನಗೆ ಗೊತ್ತಿದೆ, ತಾನು ಬಾಯಿ ಬಿಡದಿದ್ದರೆ ಯಾವ ತೊಂದರೆಯೂ ಇಲ್ಲ. ಇತರರ ದುರ್ಬಲ ಜಾಗವನ್ನು ಹುಡುಕಿ ಬೆರಳಿಡುತ್ತಿದ್ದವಳ ದುರ್ಬಲ ಜಾಗದ ಮೇಲೆ, ಅಂದರೆ ಅಪವಾದದ ಭಯದ ಮೇಲೆ, ಈಗ ಬ್ರಾಕ್‌ನ ಬೆರಳಿದೆ. ಆತ ಈ ಮಾತುಗಳನ್ನು ಅತ್ಯಂತ ಮೃದುವಾಗಿ, ಸ್ನೇಹಿತನ ದನಿಯಲ್ಲಿ ಹೇಳಬೇಕು. ಅದೇ ಹೊತ್ತಿಗೆ ಟೆಸ್ಮನ್ ಮತ್ತು ಥೇಯಾ ತಲೆಗೆ ತಲೆ ತಾಗಿಸಿ ಟಿಪ್ಪಣಿಗಳನ್ನು ಜೋಡಿಸುತ್ತಿದ್ದಾರೆ. ತನ್ನಿಂದ ಏನಾದರೂ ಸಹಾಯ ಬೇಕೇ ಎಂದು ಹೆಡ್ಡಾ ಕೇಳುತ್ತಾಳೆ, ಏನೂ ಬೇಡವೆಂದು ಗಂಡ ತಲೆಯೆತ್ತದೆ ಹೇಳುತ್ತಾನೆ. ಈ ಪ್ರಶ್ನೆಯನ್ನು ಕೊಂಕಿಲ್ಲದೆ, ನಿಜವಾಗಿಯೂ ಉತ್ತರ ಬೇಕೆಂಬಂತೆ ಕೇಳಬೇಕು.

ಆಕೆ ತನ್ನ ಮೇಜನ್ನು ಅವರಿಬ್ಬರಿಗೆ ಬಿಟ್ಟುಕೊಡುವಾಗ ಸಂಗೀತದ ಹಾಳೆಗಳ ಕೆಳಗೆ ಏನನ್ನೋ ಮುಚ್ಚಿಕೊಂಡು ಒಳಕೋಣೆಗೆ ಒಯ್ಯುತ್ತಾಳೆ. ಅದು ಉಳಿದಿರುವ ಪಿಸ್ತೂಲು. ಅವಸರದ ನಿರ್ದೇಶನದಲ್ಲಿ ಪ್ರೇಕ್ಷಕರು ಇದನ್ನು ಗಮನಿಸುವುದೇ ಇಲ್ಲ, ಆದುದರಿಂದ ಆ ಚಲನೆಗೆ ಬೇರೆಲ್ಲರ ಚಲನೆಯನ್ನೂ ನಿಲ್ಲಿಸಿಕೊಡಿ. ಅನಂತರ ಪರದೆಯ ಹಿಂದಿನಿಂದ ಪಿಯಾನೊದ ಕುಣಿತದ ನಾದ, ಸಾವಿನ ಮನೆಯಲ್ಲಿ ಇದೇನೆಂದು ಗಂಡನ ಆಕ್ಷೇಪ, ಪ್ರತಿ ಸಂಜೆ ಜೊತೆಗಿರಲು ತಾನು ಬರುತ್ತೇನೆಂಬ ಬ್ರಾಕ್‌ನ ಮಾತು, ಗುಂಡಿನ ಸದ್ದು, ಇವು ಒಂದರ ಹಿಂದೆ ಒಂದು ಬೇಗನೆ ಬರಬೇಕು. ಜನ ಇಂಥದನ್ನೆಲ್ಲ ಮಾಡುವುದಿಲ್ಲ ಎಂಬ ಬ್ರಾಕ್‌ನ ಕೊನೆಯ ಸಾಲಿಗೆ ಅಲಂಕಾರ ಬೇಡ, ಆ ಸಾಲು ಮುಗಿದ ಕೂಡಲೇ ಬೆಳಕು ಆರಲಿ. ಶವವನ್ನು ಸುಂದರವಾಗಿ ಜೋಡಿಸಿ ತೋರಿಸುವುದು, ಅದರ ಮೇಲೆ ಸಂಗೀತ ಹಾಕುವುದು, ಸಾವು ಅಂದವಾಗಿರಬೇಕೆಂಬ ಹೆಡ್ಡಾಳ ಭ್ರಮೆಗೆ ನಿರ್ದೇಶಕರೇ ಮುದ್ರೆಯೊತ್ತಿದಂತೆ.

ಏಳನೆಯ ಹೆಜ್ಜೆ: ತಾಲೀಮಿನ ಕ್ರಮ ಮತ್ತು ಕತ್ತರಿ

ಈ ಪಾತ್ರ ಹಿಂದಿನಿಂದಲೂ ನಟಿಯರ ಹಟದಿಂದ ಉಳಿದು ಬಂದದ್ದು. 1891ರ ಜನವರಿ 31ರಂದು ಮ್ಯೂನಿಕ್‌ನಲ್ಲಿ ಇಬ್ಸೆನ್‌ನ ಎದುರಿನಲ್ಲೇ ನಡೆದ ಮೊದಲ ಪ್ರಯೋಗಕ್ಕೆ ಒಳ್ಳೆಯ ಸ್ವಾಗತ ಸಿಗಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಎಲಿಜಬೆತ್ ರಾಬಿನ್ಸ್ ಮತ್ತು ಮರಿಯನ್ ಲೀ ಎಂಬ ಇಬ್ಬರು ನಟಿಯರು ತಾವೇ ಮುಂದೆ ನಿಂತು ನಾಟಕವನ್ನು ರಂಗಕ್ಕೆ ತಂದರು, ರಾಬಿನ್ಸ್ ಹೆಡ್ಡಾಳಾದರು, ಲೀ ಥೇಯಾಳಾದರು. ಇವೆರಡು ಪಾತ್ರಗಳ ನಟಿಯರು ಪರಸ್ಪರ ನಂಬಿ ಕೆಲಸ ಮಾಡಿದರೆ ಮಾತ್ರ ನಾಟಕ ನಿಲ್ಲುತ್ತದೆ. ಆದುದರಿಂದ ತಾಲೀಮನ್ನು ಮೊದಲ ಅಂಕದ ಮೊದಲ ಪುಟದಿಂದ ಆರಂಭಿಸದೆ, ಹೆಡ್ಡಾ ಮತ್ತು ಥೇಯಾರ ದೃಶ್ಯಗಳಿಂದ ಆರಂಭಿಸಿ. ಅನಂತರ ಪಂಚ್‌ನ ದೃಶ್ಯ, ಆಮೇಲೆ ಬ್ರಾಕ್‌ನೊಡನೆಯ ದೃಶ್ಯಗಳು, ಕೊನೆಗೆ ಗಂಡನ ಜೊತೆಗಿನವು. ಪಿಸ್ತೂಲು ಕೊಡುವ ದೃಶ್ಯವನ್ನು ಉಳಿದೆಲ್ಲವೂ ಕೈಗೆ ಹತ್ತುವವರೆಗೆ ಮುಟ್ಟದಿರುವುದು ಒಳಿತು, ಏಕೆಂದರೆ ಅದು ಹಿಂದಿನ ದೃಶ್ಯಗಳ ಸಾಲವನ್ನೆಲ್ಲ ತೀರಿಸುವ ದೃಶ್ಯ.

ಅವಧಿ ಉದ್ದವಾಯಿತೆಂದು ಕತ್ತರಿ ಹಾಕಬೇಕಾಗಿ ಬಂದರೆ, ಟೆಸ್ಮನ್‌ನ ಸಂಶೋಧನೆಯ ವಿವರಗಳಲ್ಲಿ, ಬ್ರಾಕ್ ಹೇಳುವ ರಾತ್ರಿಯ ಕೂಟದ ವರದಿಯಲ್ಲಿ, ಮನೆಯ ಸಾಲದ ಲೆಕ್ಕಾಚಾರದಲ್ಲಿ ಕೆಲವು ಸಾಲುಗಳನ್ನು ಕಡಿಮೆ ಮಾಡಬಹುದು. ಆದರೆ ನಾಟಕದ ಆರಂಭದಲ್ಲಿ ಯೂಲಿಯಾನೆ ಮತ್ತು ಬೆರ್ಟೆ ಆಡುವ ಮಾತುಗಳನ್ನು ‘ಬರಿಯ ಪೀಠಿಕೆ’ ಎಂದು ಕಿತ್ತುಹಾಕಬೇಡಿ. ಹೊಸ ಒಡತಿಗೆ ತನ್ನ ಕೆಲಸ ಹಿಡಿಸುವುದೋ ಇಲ್ಲವೋ ಎಂದು ಸೇವಕಿಗಿರುವ ಅಂಜಿಕೆ, ಹೆಡ್ಡಾ ಕುದುರೆಯೇರಿ ಹೋಗುತ್ತಿದ್ದುದನ್ನು ನೆನೆವ ಅತ್ತೆಯ ಬೆರಗು, ಇವೆರಡನ್ನೂ ಕೇಳಿಸಿಕೊಂಡ ಪ್ರೇಕ್ಷಕರ ಎದುರಿಗೆ ನಟಿ ಮೊದಲ ಬಾರಿ ಕಾಲಿಟ್ಟಾಗ, ಹೆದರಿಸುವ ಕೆಲಸ ಆಕೆಯ ಪಾಲಿಗೆ ಉಳಿದಿರುವುದಿಲ್ಲ. ಆಕೆ ನೆಮ್ಮದಿಯಾಗಿ, ಸೌಜನ್ಯದಿಂದ ಒಳಗೆ ಬಂದು, ಇಷ್ಟು ಬೆಳಗ್ಗೆಯೇ ಬಂದಿರಲ್ಲ ಎಂದು ಅತ್ತೆಯನ್ನು ವಿಚಾರಿಸಿಕೊಂಡರೆ ಸಾಕು.